ಮಲ್ಲಿ ಮಂಚದ ಕೆಳಗಿಂದ ಹೊರಗೆ ಬಂದ ಬಗೆ

ಕಲಬುರಗಿಯ ಬ್ರಹ್ಮಪುರದಲ್ಲಿ ನಮ್ಮದು ಹಳೆಯ ಮನೆ. ಶಹಾಬಾದ್ ಕಲ್ಲಿನ ನೆಲ, ಸಣ್ಣ ಅಂಗಳ, ಮೇಲೆ ಮಾಳಿಗೆ. ಇರುವುದು ನಾನು, ನನ್ನ ಗಂಡ, ಅತ್ತೆ. ದಿನವಿಡೀ ಒಬ್ಬರಾದರೂ ಮನೆಯಲ್ಲಿ ಇರುತ್ತೇವೆ, ಓಡಾಡುವ ಚಿಕ್ಕ ಮಕ್ಕಳಿಲ್ಲ. ಮಲ್ಲಿ ಅನ್ನುವ ಬೀದಿ ನಾಯಿಯನ್ನು ನೋಡಿಕೊಳ್ಳುತ್ತಿದ್ದ ಹುಡುಗ ಅವಳನ್ನು ನಮಗೆ ಕೊಡಲು ಒಪ್ಪಿದ್ದು ಇದಕ್ಕೇ. ಅವನು ನಮ್ಮನ್ನು ಕೇಳಿದ ಪ್ರಶ್ನೆಗಳೆಲ್ಲ ಇಂಥವೇ: ಮನೆಯಲ್ಲಿ ಗದ್ದಲ ಎಷ್ಟು, ಕಾಂಪೌಂಡ್ ಎಷ್ಟು ಎತ್ತರ, ಊರಿಗೆ ಹೋದರೆ ಯಾರು ನೋಡಿಕೊಳ್ಳುತ್ತಾರೆ. ನನಗೆ ಅದು ತುಂಬಾ ಇಷ್ಟವಾಯಿತು. ನಾಯಿ ಕೊಡುವವರು ಹೀಗೇ ಕೇಳಬೇಕು.

ಸೇಡಂ ರಸ್ತೆಯಲ್ಲಿ ಗಾಡಿ ಬಡಿದು ಬಿದ್ದಿದ್ದಳಂತೆ. ಕಿವಿಯ ತುದಿ ಕತ್ತರಿಸಿತ್ತು, ಅಂದರೆ ಸಂತಾನಹರಣ ಆಪರೇಷನ್ ಮೊದಲೇ ಆಗಿತ್ತು. ಆಪರೇಷನ್‌ಗೆ ಹಿಡಿದ ಬೀದಿ ನಾಯಿಯನ್ನು ವಾಪಸ್ ಅದೇ ಜಾಗಕ್ಕೆ ಬಿಡಬೇಕು ಅಂತ ಕೇಂದ್ರ ಸರ್ಕಾರದ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳಲ್ಲಿದೆ. ಆದರೆ ಆ ಕುಂಟು ಕಾಲು, ಆ ಹೆದರಿಕೆ ಇಟ್ಟುಕೊಂಡು ಅವಳು ಮತ್ತೆ ರಸ್ತೆಯಲ್ಲಿ ಬದುಕುವ ಹಾಗಿರಲಿಲ್ಲ. ಅವಳಿಗೆ ಮನೆಯೇ ಬೇಕಿತ್ತು.

ಮನೆಗೆ ಬಂದವಳೇ ಹಿಂದಿನ ಕೋಣೆಯ ಮಂಚದ ಕೆಳಗೆ ಸೇರಿದಳು. ನಾವು ಅಲ್ಲಿಂದ ಎಳೆಯಲಿಲ್ಲ. ಅಲ್ಲೇ ಒಂದು ಹಳೆಯ ಕೌದಿ ಹಾಕಿ, ನೀರಿನ ಬಟ್ಟಲು ಇಟ್ಟು, ಆ ಜಾಗ ಅವಳದು ಅಂತ ಬಿಟ್ಟೆವು. ಅಲ್ಲಿ ಕೈ ಹಾಕಬಾರದು, ಬಗ್ಗಿ ನೋಡಬಾರದು, ಅಲ್ಲಿಂದ ಕರೆಯಬಾರದು. ಹೆದರಿದ ನಾಯಿಗೆ ಯಾರೂ ಬಾರದ ಒಂದು ಮೂಲೆ ಇದ್ದರೆ ಮಾತ್ರ ಉಳಿದ ಮನೆಯ ಕಡೆ ನೋಡುವ ಧೈರ್ಯ ಬರುತ್ತದೆ. ಅತ್ತೆಗೆ ಮಾತ್ರ ಬೇಸರ. "ನಾಯಿ ಅಂದ್ರ ಬಾಲ ಅಳ್ಳಾಡಸ್ಕೋತ ಬರಬೇಕವ್ವಾ. ಇದೇನಿದು, ಗ್ವಾಡಿ ನೋಡ್ಕೋತ ಕುಂತದ" ಅಂತಿದ್ದರು. "ಅತ್ತಿ, ಆಕಿ ಬರ್ತಾಳ, ನೀವು ಸುಮ್ನ ಕೂಡ್ರಿ" ಅಂತಿದ್ದೆ.

ಬಗ್ಗುವ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ರಸ್ತೆಯಲ್ಲಿ ಬೆಳೆದ ನಾಯಿಗೆ ಮನುಷ್ಯ ಬಗ್ಗಿದ ಅಂದರೆ ಕಲ್ಲು ಎತ್ತಿಕೊಂಡ ಅಂತಲೇ ಅರ್ಥ. ನಮ್ಮ ಓಣಿಗಳಲ್ಲಿ ನೋಡಿ, ಬರಿಗೈಲಿ ಬಗ್ಗಿದರೂ ನಾಯಿ ಓಡುತ್ತದೆ. ನಾವು ಪ್ರೀತಿಯಿಂದ ಬಗ್ಗಿ ಕೈ ಚಾಚಿದರೂ ಅವಳಿಗೆ ಕಾಣುವುದು ಆ ಕಲ್ಲೇ. ಹಾಗಾಗಿ ಅವಳ ಎದುರಿಗೆ ನಿಂತು ಬಗ್ಗುವುದನ್ನು ಮೂವರೂ ಬಿಟ್ಟೆವು. ದೂರದಲ್ಲೇ ನೆಲದ ಮೇಲೆ ಕೂತುಬಿಡುವುದು, ಅದೂ ಪಕ್ಕಕ್ಕೆ ತಿರುಗಿ. ಕಣ್ಣಲ್ಲಿ ಕಣ್ಣಿಟ್ಟು ನೋಡುವುದಿಲ್ಲ. ಕಸಬರಿಗೆಯನ್ನೂ ಅವಳಿಗೆ ಕಾಣದ ಹಾಗೆ ಅಡ್ಡ ಹಿಡಿದು ಒಯ್ಯುತ್ತಿದ್ದೆ.

ಊಟದ ವಿಷಯಕ್ಕೆ ಬಂದರೆ, ಎಲ್ಲರೂ ಹೇಳುವುದು ಕೈಯಲ್ಲಿ ತಿನ್ನಿಸಿ, ನಂಬುತ್ತಾಳೆ ಅಂತ. ತುಂಬಾ ಹೆದರಿದ ನಾಯಿಗೆ ಇದು ಸರಿಯಲ್ಲ. ಹಸಿವು ಅವಳನ್ನು ಹತ್ತಿರ ಎಳೆಯುತ್ತದೆ. ತುತ್ತು ಬಾಯಿಗೆ ಬಿದ್ದ ಕೂಡಲೇ ಎಷ್ಟು ಹತ್ತಿರ ಬಂದೆ ಅಂತ ಗೊತ್ತಾಗಿ ಗಾಬರಿ ಬೀಳುತ್ತಾಳೆ. ನಾನು ಇದಕ್ಕೆ ಉಲ್ಟಾ ಮಾಡಿದೆ. ಬೇಯಿಸಿದ ಕೋಳಿಯ ಸಣ್ಣ ಚೂರನ್ನು ಅವಳ ಹಿಂದಕ್ಕೆ ಬೀಳುವ ಹಾಗೆ ಎಸೆಯುತ್ತಿದ್ದೆ. ಅದನ್ನು ತಿನ್ನಲು ಅವಳು ನನ್ನಿಂದ ದೂರ ಹೋಗಬೇಕು. ದೂರ ಹೋದರೂ ಸಿಗುತ್ತದೆ ಅಂತ ಗೊತ್ತಾದ ಮೇಲೆ ತಾನೇ ತಿರುಗಿ ಬಂದು ನಿಲ್ಲುತ್ತಾಳೆ, ಇನ್ನೊಂದು ಎಲ್ಲಿ ಅಂತ. ಆ ತಿರುಗಿ ಬರುವುದೇ ಮುಖ್ಯ. ಹತ್ತಿರ ಬರುವುದು, ಹಿಂದೆ ಸರಿಯುವುದು ಎರಡೂ ಅವಳ ಕೈಯಲ್ಲೇ ಇರಬೇಕು.

ಹೊಟ್ಟೆ ತುಂಬ ಊಟ ಬೇರೆ. ಜೋಳದ ರೊಟ್ಟಿಯನ್ನು ಕೋಳಿ ಬೇಯಿಸಿದ ನೀರಲ್ಲಿ ನೆನೆಸಿ, ಮೇಲೆ ಒಂದಿಷ್ಟು ಕೋಳಿ ಹಾಕಿ ಕೊಡುತ್ತೇವೆ. ಉಪ್ಪು, ಖಾರ ಇಲ್ಲ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಹಾಕಿದ್ದನ್ನು ಕೊಡುವ ಹಾಗೇ ಇಲ್ಲ, ಅವು ನಾಯಿಯ ರಕ್ತದ ಕಣಗಳನ್ನೇ ಹಾಳು ಮಾಡುತ್ತವೆ. ಹಾಗಾಗಿ ಮನೆಯ ಪಲ್ಯ, ಶೇಂಗಾ ಹಿಂಡಿ ಸವರಿದ ರೊಟ್ಟಿ ಬೇಡ. ದಿನಾ ಅದೇ ಹೊತ್ತಿಗೆ, ಅದೇ ಬಟ್ಟಲು, ಅದೇ ಜಾಗ. ಮುಂದೇನು ಆಗುತ್ತದೆ ಅಂತ ಗೊತ್ತಿದ್ದರೆ ಹೆದರಿಕೆ ತಾನೇ ಕಡಿಮೆಯಾಗುತ್ತದೆ.

ಅವಳು ಮೊದಲು ಹತ್ತಿರ ಬಂದಿದ್ದು ಅತ್ತೆಗೆ. ಅತ್ತೆ ಮಂಚದ ಕಡೆ ಬೆನ್ನು ಮಾಡಿ ಕೂತು, ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಾ, ತಮ್ಮಷ್ಟಕ್ಕೆ ವಚನ ಗುನುಗುತ್ತಿದ್ದರು. ಮಲ್ಲಿ ಹೊಟ್ಟೆ ನೆಲಕ್ಕೆ ತಾಗಿಸಿ ಮುಂದಕ್ಕೆ ಬಂದಳು. ಹಿಂಗಾಲು ಎರಡೂ ಮಂಚದ ಕೆಳಗೇ. ಕುತ್ತಿಗೆ ಮಾತ್ರ ಚಾಚಿ, ಚಾಚಿ, ಸೆರಗಿನ ತುದಿಯನ್ನು ಮೂಸಿದಳು. ಅತ್ತೆ ಮೊರ ಆಡಿಸುವುದನ್ನು ನಿಲ್ಲಿಸಲಿಲ್ಲ, ತಿರುಗಲೂ ಇಲ್ಲ. ನನಗೆ ಕಣ್ಣಲ್ಲಿ ನೀರು ಬಂತು. ಅಷ್ಟು ದಿನ ಗೊಣಗಿದ ಅತ್ತೆಗೇ ಆ ಕೆಲಸ ಎಲ್ಲರಿಗಿಂತ ಚೆನ್ನಾಗಿ ಬಂದಿತ್ತು.

ಮುಟ್ಟುವುದು ಇದರ ಎಷ್ಟೋ ದಿನಗಳ ಮೇಲೆ. ತಲೆ ಸವರಲು ಹೋಗಬಾರದು, ಮೇಲಿಂದ ಬರುವ ಕೈ ಕಂಡರೆ ಹೆದರುತ್ತಾರೆ. ಎದೆಯ ಹತ್ತಿರ, ಗದ್ದದ ಕೆಳಗೆ ಎರಡು ಸಲ ಕೆರೆದು ಕೈ ತೆಗೆಯಬೇಕು. ಇನ್ನೂ ಬೇಕಿದ್ದರೆ ಅವಳೇ ಒತ್ತಿಕೊಂಡು ಬರುತ್ತಾಳೆ. ತುಟಿ ನೆಕ್ಕಿದರೆ, ನಿದ್ದೆ ಬಾರದಿದ್ದರೂ ಆಕಳಿಸಿದರೆ, ಮುಖ ತಿರುಗಿಸಿದರೆ, ಕಣ್ಣಿನ ಬಿಳಿ ಕಂಡರೆ ಸಾಕು ಅಂತ ಅರ್ಥ. ಗುರ್ರ್ ಅಂದರೆ ಬೈಯಬೇಡಿ. ಅದು ನಾಯಿ ಕೊಡುವ ಎಚ್ಚರಿಕೆ. ಬೈದು ಅದನ್ನು ನಿಲ್ಲಿಸಿದರೆ ನಾಳೆ ಎಚ್ಚರಿಕೆ ಕೊಡದೇ ಕಚ್ಚುತ್ತದೆ.

ನಾಯಿ ಸಾಕುವವರಲ್ಲಿ ಮೂರು ದಿನ, ಮೂರು ವಾರ, ಮೂರು ತಿಂಗಳು ಅಂತ ಒಂದು ಲೆಕ್ಕ ಇದೆ: ಗಾಬರಿ ಇಳಿಯಲು, ದಿನಚರಿ ತಿಳಿಯಲು, ಮನೆ ತನ್ನದು ಅನಿಸಲು. ಮಲ್ಲಿಯಂಥವರಿಗೆ ಇದಕ್ಕಿಂತ ಜಾಸ್ತಿ ಬೇಕು. ಲೆಕ್ಕ ಹಿಡಿದುಕೊಂಡು ಕೂತರೆ ನಮಗೇ ಬೇಜಾರು.

ಬೇಸಿಗೆಯಲ್ಲಿ ಬೇರೆ ತೊಂದರೆ ಬಂತು: ಕೂಲರ್. ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ದಾಟುವುದು ಹೊಸದಲ್ಲ, ಕೂಲರ್ ಇಲ್ಲದೆ ಆಗದು. ಅದರ ಸದ್ದಿಗೆ ಅವಳು ನಡುಗುತ್ತಿದ್ದಳು. ಅದಕ್ಕೆ ಮೊದಲು ಬಂದ್ ಆಗಿರುವ ಕೂಲರಿನ ಹತ್ತಿರ ಕೋಳಿ ಚೂರು ಹಾಕಿದೆವು. ಆಮೇಲೆ ಅವಳು ದೂರದ ಕೋಣೆಯಲ್ಲಿ ಉಣ್ಣುವಾಗ ಕಡಿಮೆ ಸ್ಪೀಡಲ್ಲಿ ಚಾಲೂ ಮಾಡಿದೆವು. ದಿನ ಕಳೆದಂತೆ ಬಟ್ಟಲನ್ನು ಸ್ವಲ್ಪ ಸ್ವಲ್ಪ ಹತ್ತಿರ ತಂದೆವು. ಊಟ ಬಿಟ್ಟು ತಲೆ ಎತ್ತಿದರೆ ಮತ್ತೆ ಒಂದು ಹೆಜ್ಜೆ ಹಿಂದೆ. ಈಗ ಮಧ್ಯಾಹ್ನ ಕೂಲರಿನ ಗಾಳಿಗೆ ಕಲ್ಲಿನ ನೆಲದ ಮೇಲೆ ಅಡ್ಡಾಗುತ್ತಾಳೆ.

ಹೊರಗೆ ಕರೆದೊಯ್ಯುವಾಗ ಕುತ್ತಿಗೆಗೆ ಬರೀ ಬೆಲ್ಟ್ ಸಾಲದು. ಗಾಬರಿಯಾದ ನಾಯಿ ಹಿಂದಕ್ಕೆ ಜಗ್ಗಿದರೆ ತಲೆ ಸುಲಭವಾಗಿ ಕಳಚಿಕೊಳ್ಳುತ್ತದೆ. ಎದೆಗೆ ಹಾಕುವ ಹಾರ್ನೆಸ್ ಒಂದು, ಬೆಲ್ಟ್ ಒಂದು, ಎರಡಕ್ಕೂ ಹಗ್ಗ. ಬೆಲ್ಟಿನ ಮೇಲೆ ನಮ್ಮ ಫೋನ್ ನಂಬರ್. ಬೆಳಿಗ್ಗೆ ಬಿಸಿಲೇರುವ ಮೊದಲು, ಟಂಟಂ ಗದ್ದಲ ಶುರುವಾಗುವ ಮೊದಲು ಅಪ್ಪನ ಕೆರೆಯ ಕಡೆ ಹೋಗಿ ಬರುತ್ತೇವೆ. ದೀಪಾವಳಿಯಲ್ಲಿ ಕತ್ತಲಾಗುವ ಮೊದಲೇ ಹೊರಗಿನ ಕೆಲಸ ಮುಗಿಸಿ, ಕಿಟಕಿ ಹಾಕಿ, ಟಿವಿ ಜೋರಾಗಿ ಇಟ್ಟು ಅವಳ ಜೊತೆ ಕೂರುತ್ತೇವೆ. ಮುದ್ದು ಮಾಡಿದರೆ ಹೆದರಿಕೆ ಜಾಸ್ತಿಯಾಗುತ್ತದೆ ಅನ್ನುವುದು ಸುಳ್ಳು. ಪಕ್ಕಕ್ಕೆ ಬಂದರೆ ಮೆಲ್ಲಗೆ ಸವರಿ.

ಇನ್ನೊಂದು ಮಾತು. ಅವಳು ಒಮ್ಮೆ ಊಟ ಬಿಟ್ಟಳು. ಹಳೆಯ ಹೆದರಿಕೆ ಮರುಕಳಿಸಿತು ಅಂತ ನೆರೆಯವರು ಹೇಳಿದರು. ವಸಡು ನೋಡಿದೆ, ಬಿಳಿಚಿಕೊಂಡಿತ್ತು. ಕೂಡಲೇ ಪಶು ವೈದ್ಯರಲ್ಲಿಗೆ ಒಯ್ದೆವು. ರಕ್ತ ಪರೀಕ್ಷೆಯಲ್ಲಿ ಉಣ್ಣಿ ಜ್ವರ ಅಂತ ಬಂತು, ಔಷಧದಿಂದ ಚೇತರಿಸಿಕೊಂಡಳು. ಅಂಜುವ ನಾಯಿ ಊಟ ಬಿಟ್ಟರೆ ರೋಗವೂ ಇರಬಹುದು ಅಂತ ನೆನಪಿಡಿ. ಉಣ್ಣಿಯ ಔಷಧ, ಪ್ರತಿ ವರ್ಷ ರೇಬೀಸ್ ಇಂಜೆಕ್ಷನ್ ತಪ್ಪಿಸಬೇಡಿ.

ಈಗಲೂ ಹೆಲ್ಮೆಟ್ ಹಾಕಿದವರು ಬಾಗಿಲಿಗೆ ಬಂದರೆ ಮಲ್ಲಿ ಮಂಚದ ಕೆಳಗೆ ಹೋಗುತ್ತಾಳೆ. ಬಂದವರಿಗೆ ಹೆಲ್ಮೆಟ್ ಹೊರಗಿನ ಕಟ್ಟೆಯ ಮೇಲೆ ಇಟ್ಟು ಬನ್ನಿ ಅಂತ ಹೇಳುತ್ತೇವೆ. ಅವಳನ್ನು ಹೊರಗೆ ಕರೆಯುವುದಿಲ್ಲ.