ಮುಳ್ಳಿನ ಮೇಲೆ ಬಂದ ಅನುಮಾನ

ಬ್ರಿಟನ್ನಿನ ಬೀಟಲ್ಸ್ ತಂಡದ ಹಾಡುಗಳ ರೆಕಾರ್ಡು ‘ರಬ್ಬರ್ ಸೋಲ್’ ನನಗೆ ಬಾಯಿಪಾಠ ಎಂದುಕೊಂಡಿದ್ದೆ. ಮನೆಯಲ್ಲಿದ್ದದ್ದು ಚಿಕ್ಕಪ್ಪನ ಹಳೆಯ ಎಲ್‌ಪಿ, ಅಂದರೆ ಎರಡು ಬದಿಯ ದೊಡ್ಡ ರೆಕಾರ್ಡು. ಕಲ್ಕತ್ತೆಯ ಡಮ್‌ಡಮ್‌ನಲ್ಲಿ ತಯಾರಾದದ್ದು, ಬ್ರಿಟನ್ನಿನ ಕ್ರಮದಲ್ಲೇ 14 ಹಾಡುಗಳು. ಆಮೇಲೆ ನೆಂಟರೊಬ್ಬರು ಅಮೆರಿಕದಿಂದ ಬರುವಾಗ ಕ್ಯಾಪಿಟಲ್ ಕಂಪನಿಯ ಸ್ಟೀರಿಯೋ (ಎಡಕ್ಕೊಂದು, ಬಲಕ್ಕೊಂದು ದನಿಯ) ಪ್ರತಿಯೊಂದನ್ನು ತಂದುಕೊಟ್ಟರು. ಹೊದಿಕೆಯ ಮೇಲೆ ಅದೇ ಹಿಗ್ಗಿದಂತಿರುವ ನಾಲ್ಕು ಮುಖಗಳು. ರೆಕಾರ್ಡ್ ಪ್ಲೇಯರಿನ ಮುಳ್ಳನ್ನು ಇಳಿಸಿದರೆ ನಾನು ಬಲ್ಲ ಮೊದಲ ಹಾಡು ‘ಡ್ರೈವ್ ಮೈ ಕಾರ್’ ಬರಲಿಲ್ಲ. ‘ಐವ್ ಜಸ್ಟ್ ಸೀನ್ ಎ ಫೇಸ್’ ಓಡತೊಡಗಿತು.

ಅದನ್ನು ಸಹಿಸಿಕೊಂಡೆ. ತಲೆಕೆಟ್ಟದ್ದು ಎರಡನೆಯ ಬದಿಯಲ್ಲಿ. ‘ಐಯಾಮ್ ಲುಕಿಂಗ್ ಥ್ರೂ ಯೂ’ ಶುರುವಾಗುವಾಗ ಗಿಟಾರ್ ಎರಡು ಹೆಜ್ಜೆ ಇಟ್ಟು ನಿಂತಿತು. ಮತ್ತೆ ಹೊರಟಿತು, ಮತ್ತೆ ಮುಗ್ಗರಿಸಿತು, ಆಮೇಲೆ ಹಾಡು ಹಿಡಿಯಿತು. ರೆಕಾರ್ಡಿಗೆ ಗೀರು ಬಿದ್ದಿದೆ ಎಂದು ಮೆತ್ತನೆಯ ಬಟ್ಟೆಯಲ್ಲಿ ಒರೆಸಿದೆ, ಬೆಳಕಿಗೆ ಹಿಡಿದು ನೋಡಿದೆ. ಏನೂ ಕಾಣಲಿಲ್ಲ. ಕೊನೆಗೆ ಹೊಸ ಮುಳ್ಳನ್ನೇ ಕೊಂಡು ತಂದೆ. ಆಗಲೂ ಅದೇ ಜಾಗದಲ್ಲಿ ಅದೇ ಎಡವು.

ಅಮೆರಿಕದ ಆವೃತ್ತಿಗಳ 2006ರ ಸಿಡಿ ಪೆಟ್ಟಿಗೆ ಕೈಗೆ ಸಿಕ್ಕಾಗ ಗುಟ್ಟು ಬಯಲಾಯಿತು. ಸಿಡಿಗೆ ಮುಳ್ಳೂ ಇಲ್ಲ, ಗೀರೂ ಇಲ್ಲ. ಆದರೂ ಗಿಟಾರ್ ಎರಡು ಸಲ ಎಡವಿತು. ಅಮೆರಿಕದ ಸ್ಟೀರಿಯೋ ಮಿಶ್ರಣದಲ್ಲಿ ಆ ತಪ್ಪು ಆರಂಭಗಳನ್ನು ಕತ್ತರಿಸದೆ ಬಿಟ್ಟಿದ್ದರು. ಅಲ್ಲಿನ ಮೋನೋ (ಒಂದೇ ದನಿಯ) ಪ್ರತಿಯಲ್ಲಿ ಅವು ಇಲ್ಲ.

ಅಂದಿನಿಂದ ಹಾಡಿನ ಪಟ್ಟಿ ಓದಿ ತೃಪ್ತಿಪಡುವುದನ್ನು ಬಿಟ್ಟೆ. ಒಂದು ಉದ್ದ ನೋಟ್‌ಪುಸ್ತಕ ತೆಗೆದುಕೊಂಡು ಎಡಕ್ಕೆ 1965ರ ಡಿಸೆಂಬರ್ 3ರ ಬ್ರಿಟನ್ ಆವೃತ್ತಿ, ಬಲಕ್ಕೆ ಮೂರು ದಿನ ಬಿಟ್ಟು ಬಂದ ಅಮೆರಿಕದ್ದು ಎಂದು ಗೆರೆ ಹಾಕಿದೆ. ಬಲಗಡೆ 12 ಹಾಡುಗಳು. ‘ಡ್ರೈವ್ ಮೈ ಕಾರ್’, ‘ನೋವೇರ್ ಮ್ಯಾನ್’, ‘ವಾಟ್ ಗೋಸ್ ಆನ್’, ‘ಇಫ್ ಐ ನೀಡೆಡ್ ಸಮ್‌ವನ್’ ಈ ನಾಲ್ಕೂ ಮಾಯ. ಬದಲಿಗೆ ಬ್ರಿಟನ್ನಿನ ‘ಹೆಲ್ಪ್!’ ಎಲ್‌ಪಿಯಿಂದ ಎತ್ತಿಕೊಂಡ ಎರಡು, ಒಂದೊಂದು ಬದಿಯ ತಲೆಗೆ ಒಂದೊಂದು. ಎತ್ತಿಟ್ಟ ನಾಲ್ಕನ್ನು ಕ್ಯಾಪಿಟಲ್ 1966ರ ಜೂನ್‌ನಲ್ಲಿ ‘ಯೆಸ್ಟರ್‌ಡೇ ಆ್ಯಂಡ್ ಟುಡೇ’ ಎಂಬ ಇನ್ನೊಂದು ಎಲ್‌ಪಿಗೆ ಸೇರಿಸಿ ಮಾರಿತು. ಅಮೆರಿಕದಲ್ಲಿ ಎಲ್‌ಪಿಯ ಮೇಲಿನ ಗೌರವಧನ (ರಾಯಲ್ಟಿ) ಹಾಡಿನ ಲೆಕ್ಕದಲ್ಲಿ ಸಲ್ಲುತ್ತಿತ್ತು. ಹಾಡು ಕಡಿಮೆಯಾದಷ್ಟೂ ಖರ್ಚು ಕಡಿಮೆ, ಮಾರಲು ಎಲ್‌ಪಿ ಹೆಚ್ಚು. ಶುದ್ಧ ಅಂಗಡಿ ಬುದ್ಧಿ.

ಆದರೆ ಆ ಅಂಗಡಿ ಬುದ್ಧಿಯಿಂದಲೇ ಬೇರೆಯೊಂದು ಕೃತಿ ಹುಟ್ಟಿತು ಎಂಬುದು ನನಗೆ ತಿಳಿದದ್ದು ಎರಡನ್ನೂ ಮೊದಲಿಂದ ಕೊನೆಯವರೆಗೆ, ನಡುವೆ ಏಳದೆ, ಒಂದೇ ಸಂಜೆ ಕೇಳಿದಾಗ. ಅಮೆರಿಕದ್ದರಲ್ಲಿ ಎಲೆಕ್ಟ್ರಿಕ್ ಗಿಟಾರಿನ ಬಿರುಸು ಹೋಗಿ ಮರದ ಗಿಟಾರಿನ ದನಿ ಮುಂದೆ ಬರುತ್ತದೆ. ಅದರ ಬೆನ್ನಿಗೇ ‘ನಾರ್ವೀಜಿಯನ್ ವುಡ್’ನ ಸಿತಾರ್. ತಂಡದ ರಿಂಗೋ ಒಂದು ಹಾಡನ್ನೂ ಹಾಡುವುದಿಲ್ಲ, ಇನ್ನೊಬ್ಬ ಸದಸ್ಯ ಜಾರ್ಜ್‌ಗೆ ಎರಡರ ಬದಲು ಒಂದೇ. ಇಡೀ ರೆಕಾರ್ಡು ಜಗಲಿಯಲ್ಲಿ ಕೂತು ಹಾಡಿದಂತೆ ಕೇಳಿಸುತ್ತದೆ. ಅಮೆರಿಕದ ಬೀಚ್ ಬಾಯ್ಸ್ ತಂಡದ ಬ್ರಯನ್ ವಿಲ್ಸನ್ ಮರುಳಾಗಿ ‘ಪೆಟ್ ಸೌಂಡ್ಸ್’ ಎಂಬ ಎಲ್‌ಪಿ ಮಾಡಲು ಹೊರಟದ್ದು ಈ 12 ಹಾಡುಗಳನ್ನು ಕೇಳಿ, ನಮ್ಮ ಮನೆಯ 14ನ್ನು ಕೇಳಿ ಅಲ್ಲ.

ಬೀಟಲ್ಸ್‌ನ ಮುಂದಿನ ವರ್ಷದ ಎಲ್‌ಪಿ ‘ರಿವಾಲ್ವರ್’ಗೂ ಗೆರೆ ಹಾಕಿದೆ, ಅಲ್ಲಿ ಸುಖ ಸಿಗಲಿಲ್ಲ. ಅಮೆರಿಕದ ಆವೃತ್ತಿಗೆಂದು ಕಿತ್ತ ಮೂರೂ ಹಾಡುಗಳು ತಂಡದ ಜಾನ್ ಲೆನನ್ ಹಾಡಿದವು. ಉಳಿದ 11ರಲ್ಲಿ ಅವರು ಮುಂದೆ ನಿಂತು ಹಾಡಿದವು ಎರಡೇ, ಜಾರ್ಜ್‌ನವು ಮೂರು! ಅದು ಬರಿಯ ಕಸಾಯಿ ಕೆಲಸ.

1987ರ ಸಿಡಿಗಳು ಎಲ್ಲ ಕಡೆಗೂ ಬ್ರಿಟನ್ನಿನ ಕ್ರಮವನ್ನೇ ತಂದವು. ನಾನು ಮಾತ್ರ ಈಗಲೂ ಎರಡನ್ನೂ ಕೇಳುತ್ತೇನೆ, ಅಮೆರಿಕದ್ದರಲ್ಲಿ ‘ಯೂ ವೋಂಟ್ ಸೀ ಮಿ’ ಮುಗಿದೊಡನೆ ಬಾರದ ‘ನೋವೇರ್ ಮ್ಯಾನ್’ಗೆ ಕಿವಿ ಕಾಯುತ್ತದೆ. ಆವತ್ತು ಕಿತ್ತಿಟ್ಟ ಹಳೆಯ ಮುಳ್ಳು ಗುಂಡಿ ಡಬ್ಬಿಯಲ್ಲಿದೆ. ಅದಕ್ಕೇನೂ ಆಗಿರಲಿಲ್ಲ.