ಹಳ್ಳಿಕಾರ್, ಅಮೃತ್‌ಮಹಲ್ ಬೇರೆಯಾದ ಕಾಲ: ಲೆಕ್ಕ ಎಲ್ಲಿ ತಪ್ಪುತ್ತದೆ

ತುಮಕೂರು ಸೀಮೆಯ ಹಳ್ಳಿಕಾರ್ ದನಗಳೂ ಅಜ್ಜಂಪುರದ ಕಡೆಯ ಅಮೃತ್‌ಮಹಲ್ ದನಗಳೂ ಎಷ್ಟು ಹಿಂದೆ ಬೇರೆಯಾದವು ಎಂಬುದನ್ನು ಡಿಎನ್‌ಎಯಿಂದ ಅಂದಾಜು ಮಾಡಲು ಹೊರಟಾಗ, ಈ ಜೋಡಿಯನ್ನೇ ನಾನು ಆರಿಸಿಕೊಂಡದ್ದಕ್ಕೆ ಕಾರಣವಿತ್ತು. ಚಿಕ್ಕದೇವರಾಜ ಒಡೆಯರ (1673–1704) ಕಾಲದ ಅರಮನೆಯ ದನಗಳ ಇಲಾಖೆಯಾದ ಬೆಣ್ಣೆ ಚಾವಡಿಯೇ ಮುಂದೆ ಟಿಪ್ಪುವಿನ ಆಳ್ವಿಕೆಯಲ್ಲಿ ಅಮೃತ್‌ಮಹಲ್ ಎನಿಸಿಕೊಂಡಿತು. ಚರಿತ್ರೆ ಇಷ್ಟಾದರೂ ಗೊತ್ತಿರುವಾಗ, ಗಣಿತದ ಮಾದರಿ ಸಾವಿರಾರು ವರ್ಷಗಳ ಉತ್ತರ ಕೊಟ್ಟರೆ ಮೊದಲು ಸಂಶಯಪಡಬೇಕಾದದ್ದು ಮಾದರಿಯನ್ನೇ.

ದನಗಳಲ್ಲಿ ಒಂದು ತಲೆಮಾರಿಗೆ ಐದು ವರ್ಷ ಹಿಡಿದರೆ ಮುನ್ನೂರು ವರ್ಷಕ್ಕೆ ಅರವತ್ತು ತಲೆಮಾರು. ಇಷ್ಟು ಕಡಿಮೆ ಅವಧಿಯಲ್ಲಿ ಹೊಸ ರೂಪಾಂತರಗಳು ಲೆಕ್ಕಕ್ಕೆ ಬರುವಷ್ಟು ಕೂಡುವುದಿಲ್ಲ. ಕಾಣುವ ವ್ಯತ್ಯಾಸವೆಲ್ಲ ಬಹುಮಟ್ಟಿಗೆ ಡ್ರಿಫ್ಟ್, ಅಂದರೆ ತಲೆಮಾರಿನಿಂದ ತಲೆಮಾರಿಗೆ ಜೀನ್‌ಗಳ ಪ್ರಮಾಣದಲ್ಲಿ ಆಗುವ ಆಕಸ್ಮಿಕ ಏರಿಳಿತ. ದೊಡ್ಡ ತೊಡಕು ಇರುವುದು ಇಲ್ಲಿಯೇ. ಡ್ರಿಫ್ಟ್‌ನ ವೇಗವನ್ನು ನಿರ್ಧರಿಸುವ ಪರಿಣಾಮಕಾರಿ ಸಂಖ್ಯೆ ಎರಡೂ ತಳಿಗಳಲ್ಲಿ ತಲಾ 1,000 ಇದ್ದರೆ ಅರವತ್ತು ತಲೆಮಾರಿಗೆ ಎಫ್‌ಎಸ್‌ಟಿ, ಅಂದರೆ ಎರಡು ತಳಿಗಳ ನಡುವಿನ ಜೀನ್‌ಗಳ ವ್ಯತ್ಯಾಸದ ಅಳತೆ, ಸುಮಾರು 0.03 ಆಗುತ್ತದೆ, ಸಂಖ್ಯೆ 100 ಆದರೆ ಅದೇ ಕಾಲಕ್ಕೆ 0.26. ಈ 0.26ನ್ನು ಕಂಡು, ಸಂಖ್ಯೆ 1,000 ಎಂದು ತಿಳಿದು ವರ್ಷ ಎಣಿಸಿದವರಿಗೆ ಆರುನೂರು ತಲೆಮಾರು, ಅಂದರೆ ಮೂರು ಸಾವಿರ ವರ್ಷ, ಸಿಗುತ್ತದೆ. ಪರಿಣಾಮಕಾರಿ ಸಂಖ್ಯೆಯಾದರೂ ಕೊಟ್ಟಿಗೆಯಲ್ಲಿ ಕಟ್ಟಿದ ದನಗಳ ಎಣಿಕೆಯಲ್ಲ. ನಾಲ್ಕು ಬೀಜದ ಹೋರಿಗಳಿಂದ ನಾನೂರು ಹಸುಗಳು ಗಬ್ಬವಾಗುವ ಮಂದೆಯಲ್ಲಿ ಅದು ಬರೀ ಹದಿನಾರರ ಆಸುಪಾಸಿನಲ್ಲಿರುತ್ತದೆ. ಆದ್ದರಿಂದ ಪ್ರತಿ ಊರಿನಲ್ಲೂ ಹಸುಗಳಿಗಿಂತ ಮೊದಲು ಹೋರಿಗಳ ವಿಚಾರ ಕೇಳುವುದನ್ನು ನಾನು ರೂಢಿ ಮಾಡಿಕೊಂಡೆ.

ಸ್ಯಾಂಪಲ್ ತೆಗೆಯುವ ಜಾಗವೂ ಉತ್ತರವನ್ನು ಬದಲಿಸುತ್ತದೆ. ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ ಒಳ್ಳೆಯ ಜೋಡಿಗಳು ಒಂದೇ ಕಡೆ ಸಿಗುತ್ತವೆ ನಿಜ, ಆದರೆ ಕೈಯಿಂದ ಕೈಗೆ ಮಾರಾಟವಾಗಿ ಬಂದ ಎತ್ತಿನ ಹುಟ್ಟೂರನ್ನು ಈಗಿನ ಒಡೆಯರು ಖಚಿತವಾಗಿ ಹೇಳಲಾರರು. ಹಳ್ಳಿಗೇ ಹೋದರೆ ಹುಟ್ಟೂರು ತಿಳಿಯುತ್ತದೆ, ಆದರೆ ಒಂದೇ ಹೋರಿಯ ಮಕ್ಕಳು ಸಾಲಾಗಿ ಸಿಗುತ್ತವೆ. ಅವನ್ನು ಹಾಗೆಯೇ ಸೇರಿಸಿದರೆ ಇಲ್ಲದ ವ್ಯತ್ಯಾಸ ಕಾಣಿಸಿಕೊಳ್ಳುತ್ತದೆ. ನಾನು ಎರಡೂ ಕಡೆ ಸ್ಯಾಂಪಲ್ ತೆಗೆದು, ಹತ್ತಿರದ ರಕ್ತಸಂಬಂಧ ಕಂಡುಬಂದ ಜೋಡಿಗಳಲ್ಲಿ ಒಂದನ್ನು ಬಿಟ್ಟೆ.

ಇನ್ನು ಡಿಎನ್‌ಎಯಲ್ಲಿ ಮೊದಲೇ ಆರಿಸಿಟ್ಟ ಜಾಗಗಳನ್ನು, ಅಂದರೆ ಗುರುತುಗಳನ್ನು, ಮಾತ್ರ ಓದುವ ಚಿಪ್‌ನ ವಿಷಯ. ಸುಮಾರು 54,000 ಗುರುತುಗಳಿರುವ ಬೊವೈನ್‌ಎಸ್‌ಎನ್‌ಪಿ50 ಚಿಪ್‌ಗೆ ಗುರುತುಗಳನ್ನು ಆರಿಸಿದ್ದು ಮುಖ್ಯವಾಗಿ ಯುರೋಪಿನ ಡುಬ್ಬವಿಲ್ಲದ ತಳಿಗಳಿಂದ. ನಮ್ಮ ಡುಬ್ಬದ ದನಗಳಿಗಷ್ಟೇ ಸೇರಿದ ವೈವಿಧ್ಯ ಅದರ ಕಣ್ಣಿಗೆ ಹೆಚ್ಚಾಗಿ ಬೀಳುವುದೇ ಇಲ್ಲ, ವಿರಳ ರೂಪಾಂತರಗಳಂತೂ ಮೊದಲೇ ಸೋಸಿಹೋಗಿರುತ್ತವೆ. ಹೀಗಾಗಿ ಬೇರೆಯಾದ ಕಾಲವನ್ನು ನಾನೇ ಗೊತ್ತುಮಾಡಿ ಕಂಪ್ಯೂಟರಿನಲ್ಲಿ ಕೃತಕ ದತ್ತಾಂಶ ಹುಟ್ಟಿಸಿ, ಅದನ್ನೂ ಅಂಥದ್ದೇ ಜರಡಿಯಲ್ಲಿ ಸೋಸಿ, ಉತ್ತರ ಎತ್ತ ವಾಲುತ್ತದೆ ಎಂದು ನೋಡಿದ ಮೇಲೆಯೇ ನಿಜವಾದ ದತ್ತಾಂಶವನ್ನು ಮುಟ್ಟಿದೆ. ಚಿಪ್ ಬಿಟ್ಟು ಇಡೀ ಜೀನೋಮ್ ಓದಿಸಿದರೆ ಈ ತೊಂದರೆ ತಪ್ಪುತ್ತದೆ, ಆದರೆ ಖರ್ಚು ಉಳಿಸಲು ಪ್ರತಿ ಜಾಗವನ್ನು ನಾಲ್ಕೇ ಬಾರಿ ಓದಿಸಿದಾಗ, ಎರಡು ಬಗೆಯ ಪ್ರತಿಗಳಿರುವ ಜಾಗ ಒಂದೇ ಬಗೆಯದೆಂದು ತೋರುವ ಸಾಧ್ಯತೆ ಎಂಟರಲ್ಲಿ ಒಂದು. ಅಂಥ ಕಡೆ ಖಚಿತ ಜೀನೋಟೈಪ್ (ಆ ಜಾಗದ ಎರಡು ಪ್ರತಿಗಳು ಯಾವುವು ಎಂಬುದು) ಬರೆದುಕೊಳ್ಳದೆ ಸಂಭವನೀಯತೆಗಳನ್ನೇ ಲೆಕ್ಕಕ್ಕೆ ಕೊಡುವುದು ಮೇಲು.

ಹೆಚ್ಚಿನ ತಂತ್ರಾಂಶಗಳು ಒಂದು ಬುಡ, ಎರಡು ಕವಲು ಎಂಬ ಸರಳ ಚಿತ್ರದಿಂದ ಆರಂಭಿಸುತ್ತವೆ. ಅಮೃತ್‌ಮಹಲ್‌ನ ಮೂಲದಲ್ಲಿ ಹಳ್ಳಿಕಾರ್ ಜೊತೆಗೆ ಚಿತ್ರದುರ್ಗದ ದನಗಳನ್ನೂ ನಮ್ಮ ಗುಬ್ಬಿ ತಾಲ್ಲೂಕಿನ ಹಾಗಲವಾಡಿಯ ದನಗಳನ್ನೂ ಹಳೆಯ ಬರಹಗಳು ಹೆಸರಿಸುತ್ತವೆ. ಸ್ಯಾಂಪಲ್ ಸಿಗದ ಅಂಥ ಮೂಲವನ್ನು ಮಾದರಿಯಿಂದ ಕೈಬಿಟ್ಟರೆ, ಅದರಿಂದ ಬಂದ ವ್ಯತ್ಯಾಸವೂ ಕಾಲದ ಖಾತೆಗೇ ಜಮೆಯಾಗಿ ಬೇರ್ಪಡೆ ಹಳೆಯದೆಂದು ತೋರುತ್ತದೆ. ಬೇರೆಯಾದ ಮೇಲೂ ಹೋರಿಗಳು ಅತ್ತಿತ್ತ ಹೋಗಿಬಂದದ್ದನ್ನು ಕೈಬಿಟ್ಟರೆ ಇದಕ್ಕೆ ವಿರುದ್ಧವಾಗಿ, ತೀರ ಈಚಿನದೆಂದು ತೋರುತ್ತದೆ. ಎರಡೂ ದೋಷಗಳು ಪರಸ್ಪರ ಹೊಡೆದುಹಾಕಿ ಸರಿಯಾದ ಉತ್ತರವೇ ಬಂದೀತು. ಮಾದರಿಯ ತಪ್ಪು ಆಗ ಕಣ್ಣಿಗೇ ಬೀಳದ ಕಾರಣ, ನನಗೆ ಅತಿ ಅಪಾಯಕಾರಿ ಎನಿಸುವುದು ಈ ಸಂದರ್ಭವೇ.

ಕೊನೆಗೆ ದೋಷದ ಅಂತರವನ್ನು, ಅಂದರೆ ಉತ್ತರ ಎಷ್ಟು ಹಿಂದುಮುಂದಾಗಬಹುದು ಎಂಬುದನ್ನು, ಲೆಕ್ಕಹಾಕುವಾಗ ಒಂದೊಂದು ಗುರುತನ್ನೂ ಸ್ವತಂತ್ರ ಸಾಕ್ಷಿಯೆಂದು ನಾನು ಎಣಿಸಲಿಲ್ಲ. ಅಕ್ಕಪಕ್ಕದ ಗುರುತುಗಳು ಒಟ್ಟಿಗೇ ಸಾಗಿಬರುವುದರಿಂದ ಕ್ರೋಮೊಸೋಮ್‌ನ ದೊಡ್ಡ ತುಂಡುಗಳನ್ನೇ ಮತ್ತೆ ಮತ್ತೆ ಆಯ್ದು ಲೆಕ್ಕ ಮಾಡಿದೆ. ಅಂತರ ಸಾಕಷ್ಟು ಹಿಗ್ಗಿತು. ವರದಿಯಲ್ಲಿ ಒಂದೇ ಇಸವಿಯನ್ನು ಬರೆಯದೆ ಆ ಅಂತರವನ್ನೂ, ಅದರ ಹಿಂದಿರುವ ಪರಿಣಾಮಕಾರಿ ಸಂಖ್ಯೆಯ ಊಹೆಯನ್ನೂ ಪಕ್ಕಪಕ್ಕದಲ್ಲಿ ಕೊಟ್ಟೆ.