ಬೋನಿಲ್ಲದೆ ಒಪಾಸಮ್ ಬಿಡಿಸಿದ್ದು: ನನ್ನ ಅನುಭವ

ಸ್ಯಾನ್ ಹೋಸೆಯ ನಮ್ಮ ಹಳೆಯ ಮನೆಯ ಕ್ರಾಲ್ ಸ್ಪೇಸ್‌ಗೆ (ನೆಲದ ಹಲಗೆಗಳ ಕೆಳಗಿನ, ತೆವಳಿ ಹೋಗುವಷ್ಟು ತಗ್ಗಾದ ಜಾಗಕ್ಕೆ) ಕಳೆದ ನವೆಂಬರ್‌ನಿಂದ ಒಂದು ಒಪಾಸಮ್ (ಹೊಟ್ಟೆಯ ಚೀಲದಲ್ಲಿ ಮರಿ ಸಾಕುವ, ಬೆಕ್ಕಿನ ಗಾತ್ರದ ಕಾಡುಪ್ರಾಣಿ) ಕೂಡ ನುಗ್ಗಿಲ್ಲ. ಬೋನಿಡದೆ ಇದು ಆಗುವ ಕೆಲಸವಲ್ಲ ಎಂದಿದ್ದ ಸ್ನೇಹಿತರೇ ಈಗ ವಿಧಾನವನ್ನು ಕೇಳುತ್ತಿರುವುದರಿಂದ ಬರೆಯುತ್ತಿದ್ದೇನೆ.

ಬೋನಿಗೂ ನಾನು ಹಣ ಸುರಿದಿದ್ದೇನೆ. ಒಂದು ಕಂಪನಿಯವರು ಸುಮಾರು 400 ಡಾಲರ್ ಪಡೆದು ಒಂದನ್ನು ಹಿಡಿದೊಯ್ದರು. ತಿಂಗಳು ತುಂಬುವ ಮೊದಲೇ ಅದೇ ಕಿಂಡಿಯಿಂದ ಇನ್ನೊಂದು ಒಳಸೇರಿತು. ಕಿಂಡಿ ಮುಚ್ಚುವುದೂ ಸೇರಿ ಮತ್ತೊಬ್ಬರು ಕೇಳಿದ್ದು 1,500 ಡಾಲರಿನ ಆಸುಪಾಸು. ಕ್ಯಾಲಿಫೋರ್ನಿಯಾದಲ್ಲಿ ಹಿಡಿದ ಪ್ರಾಣಿಯನ್ನು ಬೇರೆಡೆಗೆ ಒಯ್ದು ಬಿಡುವಂತಿಲ್ಲ, ಅಲ್ಲಿಯೇ ಬಿಡಬೇಕು ಇಲ್ಲವೇ ಕೊಲ್ಲಬೇಕು. 1910ರ ಸುಮಾರಿಗೆ ಪೂರ್ವದ ರಾಜ್ಯಗಳಿಂದ ಜನರೇ ಈ ಊರಿಗೆ ತಂದ, ಬಸವನಹುಳು, ಇಲಿಗಳನ್ನು ತಿಂದುಕೊಂಡು ತನ್ನ ಪಾಡಿಗೆ ತಾನಿರುವ ಪ್ರಾಣಿಯನ್ನು ಹಣ ಕೊಟ್ಟು ಕೊಲ್ಲಿಸಲು ನನಗೆ ಮನಸ್ಸಾಗಲಿಲ್ಲ. ಆದರೆ ಅದರ ಮೈಮೇಲಿನ ಚಿಗಟಗಳು ಮನೆಯೊಳಕ್ಕೆ ಬರತೊಡಗಿದ್ದರಿಂದ ಹಾಗೆಯೇ ಬಿಡುವಂತೆಯೂ ಇರಲಿಲ್ಲ.

ಅಮೋನಿಯಾದಲ್ಲಿ ಅದ್ದಿದ ಬಟ್ಟೆಯನ್ನು ಒಳಗಿಟ್ಟಾಗ ವಾಸನೆ ನೆಲದ ಹಲಗೆಗಳ ಸಂದಿನಿಂದ ನಮ್ಮ ಮಲಗುವ ಕೋಣೆಗೇ ಏರಿತು, ಒಪಾಸಮ್ ಇನ್ನೊಂದು ಮೂಲೆಗೆ ಸರಿಯಿತು, ಅಷ್ಟೇ. ರಾತ್ರಿಯಿಡೀ ಹಾಡಿದ ರೇಡಿಯೊ, ಉರಿದ ದೀಪ, ಚೆಲ್ಲಿದ ಮೆಣಸಿನ ಪುಡಿ ಯಾವುದೂ ಫಲ ಕೊಡಲಿಲ್ಲ. ನುಸಿಗುಳಿಗೆ ಹಾಕಲು ಸಲಹೆ ಕೊಟ್ಟವರಿದ್ದರು. ಮಕ್ಕಳಿರುವ ಮನೆಯ ಕೆಳಗೆ ಅಂಥ ವಿಷಾನಿಲ ತುಂಬಲು ನಾನು ಒಪ್ಪಲಿಲ್ಲ.

ಒಪಾಸಮ್ ಒಂದೇ ಗೂಡಿಗೆ ಅಂಟಿಕೊಳ್ಳುವ ಪ್ರಾಣಿಯಲ್ಲ, ಕೆಲವು ರಾತ್ರಿಗಳಿಗೊಮ್ಮೆ ನೆಲೆ ಬದಲಿಸುತ್ತಲೇ ಇರುತ್ತದೆ. ನನ್ನ ವಿಧಾನ ನಿಂತಿರುವುದೇ ಇದರ ಮೇಲೆ. ಮೊದಲು ಪ್ರತಿ ಕಿಂಡಿಯ ಮುಂದೆಯೂ ರಂಗೋಲಿ ಪುಡಿಯನ್ನು ತೆಳುವಾಗಿ ಹರಡಿದೆ. ಹಿಟ್ಟಾದರೆ ಇರುವೆ ಮುತ್ತುತ್ತದೆ, ರಂಗೋಲಿಗೆ ಆ ತೊಂದರೆಯಿಲ್ಲ. ಬೆಳಗಾಗುವಷ್ಟರಲ್ಲಿ ಹಿತ್ತಲ ಕಡೆಯ ಕಿಂಡಿಯೆದುರು ಹೆಜ್ಜೆಗಳು ಸ್ಪಷ್ಟವಾಗಿ ಮೂಡಿದ್ದವು: ಹಿಂಗಾಲಿನ ಉಗುರಿಲ್ಲದ ಹೆಬ್ಬೆರಳು ಉಳಿದ ಬೆರಳುಗಳಿಂದ ದೂರವಾಗಿ ಅಡ್ಡಕ್ಕೆ ಚಾಚಿಕೊಂಡಿತ್ತು, ನಡುವೆ ಬಾಲ ಎಳೆದ ಗೆರೆಯಿತ್ತು. ಇಲ್ಲಿ ಮನೆಗಳಿಗೆ ನುಗ್ಗುವ ಇನ್ನೊಂದು ಪ್ರಾಣಿಯಾದ ರಕೂನ್‌ನ ಐದೂ ಬೆರಳುಗಳು ಮುಂದಕ್ಕೇ ಇರುವುದರಿಂದ ಅನುಮಾನಕ್ಕೆ ಎಡೆಯಿರಲಿಲ್ಲ.

ಆ ಒಂದನ್ನು ಬಿಟ್ಟು ಉಳಿದ ಕಿಂಡಿಗಳಿಗೆಲ್ಲ ಅರ್ಧ ಇಂಚಿನ ಕಣ್ಣಿನ ಗಟ್ಟಿ ತಂತಿ ಜಾಲರಿಯನ್ನು ಸ್ಕ್ರೂ ಮತ್ತು ವಾಷರ್ ಹಾಕಿ ಬಿಗಿದೆ. ಹಿತ್ತಲ ಕಡೆಯ ಆ ಕಿಂಡಿಗೆ ಮೇಲಂಚಿನಲ್ಲಿ ಕೀಲಿರುವ, ಹೊರಕ್ಕೆ ಮಾತ್ರ ತೆರೆಯುವ ಅಲ್ಯೂಮಿನಿಯಂ ತಗಡಿನ ಬಾಗಿಲನ್ನು ಕೂರಿಸಿದೆ. ತಗಡು ಚೌಕಟ್ಟಿಗಿಂತ ಎಲ್ಲ ಬದಿಯಲ್ಲೂ ಒಂದಿಂಚು ದೊಡ್ಡದಿರಬೇಕು, ಇಲ್ಲವಾದರೆ ಅಂಚಿಗೆ ಕೈ ಹಾಕಿ ಎತ್ತುತ್ತದೆ. ಬಾಗಿಲು ಹಗುರವಾಗಿದ್ದರೂ ಗಾಳಿಗೆ ಅಲುಗದಂತೆ ನಾನು ಮಾಡಿಕೊಂಡ ಉಪಾಯವೊಂದಿದೆ, ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಮೂರು ನಾಲ್ಕು ರಾತ್ರಿಗಳಲ್ಲಿ ಹೆಜ್ಜೆಗಳು ಹೊರಕ್ಕೆ ಹೋದವು, ಒಳಕ್ಕೆ ಬರಲಿಲ್ಲ. ಬಳಿಕವೂ ಬಾಗಿಲ ಹಿಂದೆ ಪತ್ರಿಕೆಯ ಹಾಳೆಗಳನ್ನು ಮುದುಡಿ ತುರುಕಿ, ವಾರದವರೆಗೆ ಅವು ಕದಲದಿರುವುದನ್ನು ನೋಡಿಯೇ ಆ ಕಿಂಡಿಗೂ ಜಾಲರಿ ಬಡಿದೆ. ಒಟ್ಟು ಖರ್ಚು ನನ್ನ ನೆನಪಿನಂತೆ 130 ಡಾಲರ್ ದಾಟಿಲ್ಲ.

ಚೀಲದೊಳಗಿನ ಮರಿಗಳು ತಾಯಿಯೊಂದಿಗೇ ಹೊರಬರುತ್ತವೆ, ಆದರೆ ಚೀಲ ಬಿಟ್ಟ ಮರಿಗಳು ಗೂಡಿನಲ್ಲೇ ಉಳಿದು ಸಾಯಬಹುದು. ಆದ್ದರಿಂದ ವಸಂತ ಮತ್ತು ಬೇಸಿಗೆಯಲ್ಲಿ ಈ ಕೆಲಸಕ್ಕೆ ಕೈ ಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಜೊತೆಗೆ ಪರ್ಸಿಮನ್ ಮರದ ಕೆಳಗೆ, ಚಲನೆ ಕಂಡಾಗ ನೀರು ಚಿಮ್ಮುವ 60 ಡಾಲರಿನ ಸ್ಪ್ರಿಂಕ್ಲರನ್ನೂ ಇಟ್ಟು ನೋಡಿದೆ. ಅದಕ್ಕಿಂತ, ಉದುರಿದ ಹಣ್ಣುಗಳನ್ನು ದಿನವೂ ಸಂಜೆ ಆರಿಸಿ ತೆಗೆದದ್ದೇ ಹೆಚ್ಚು ಫಲ ಕೊಟ್ಟಿತು.

ಆ ಬಾಗಿಲನ್ನು ಈಗ ಪಕ್ಕದ ಬೀದಿಯ ಸ್ನೇಹಿತರೊಬ್ಬರು ಒಯ್ದಿದ್ದಾರೆ. ಅವರ ಕಿಂಡಿ ಇನ್ನೂ ಅಗಲವಾಗಿರುವುದರಿಂದ ಚೌಕಟ್ಟು ಹಾಗೂ ತಗಡನ್ನು ಹೊಸದಾಗಿ ಕತ್ತರಿಸಬೇಕಾಗಿದೆ.